ಉಡಿ ಕಟ್ಟಿದಾಕಿಗೆ ಯಾರ ಮುಖ

ನನ್ನ ಮೊದಲನೇ ಚಿತ್ರದ ಹಾಳಿ ನೋಡಿ ಸರ್ ಅದನ್ನ ಎರಡೇ ಬೆರಳೀಲೆ ನನ್ನ ಕಡಿ ಸರಿಸಿದ್ರು, ಎಂಜಲ ತಾಟು ಸರಿಸಿದಂಗ.

"ಇದು ಎಲ್ಲಾರ ಮೊಬೈಲ್‌ನ್ಯಾಗೂ ಐತಿ. ನೀ ತಗದಿದ್ದು ಎಲ್ಲೈತಿ?" ಅಂದ್ರು.

ದೊಡ್ಡ ಕಣ್ಣು, ನೀಲಿ ಕೂದಲ, ಕೈಯಾಗ ಕತ್ತಿ ಹಿಡಿದ ಹುಡುಗಿ ಅದು. ಕ್ಲಾಸಿನ ಅರ್ಧಾ ಮಂದಿ ಅಂಥಾದ್ದೇ ತಂದಿದ್ರು, ಬೈಸಿಕೊಂಡಾಕಿ ಮಾತ್ರ ನಾ ಒಬ್ಬಾಕೇ. ಸಿಟ್ಟು ನನಗ ಮೂಗಿನ ತುದಿಮ್ಯಾಲೇ ಇರ್ತೈತಿ. ಆದ್ರ ಸರ್ ಮುಂದ ಸಿಟ್ಟು ಮಾಡಿದ್ರ ಮಾರ್ಕು ಹೋಗ್ತೈತಿ ಅಂತ ಹಲ್ಲು ಕಚ್ಚಿ ಹಾಳಿ ಸುರುಳಿ ಸುತ್ತಿ ಎದ್ದೆ.

ಶಹಾಪುರದ ನಮ್ಮ ಕಾಲೇಜಿನ್ಯಾಗ ಅದು ನನ್ನ ಚಿತ್ರಕಲಾದ ಕಡೀ ವರ್ಷ. ಕೆಲಸ ಅಂದ್ರ ಕ್ಯಾರೆಕ್ಟರ್ ಡಿಸೈನ್. ಕಥಿಯಾಗ ಬರೋ ಒಂದು ಪಾತ್ರಾ ಹಿಡಿದು ಅದನ್ನ ಅಡಿಯಿಂದ ಮುಡಿತನಕ ಕಟ್ಟಬೇಕು. ಮುಂದಿಂದ ಹೆಂಗ ಕಾಣ್ತೈತಿ, ಬಾಜೂಲೆ ಹೆಂಗ, ಬೆನ್ನಿಂದ ಹೆಂಗ. ನಕ್ಕಾಗ, ಹೆದರಿದಾಗ, ಸೋತು ಕುಂತಾಗ ಮುಖ ಹೆಂಗಾಗ್ತೈತಿ. ಆಮ್ಯಾಲೆ ಅದೇ ಪಾತ್ರಾ ಇಟ್ಟುಕೊಂಡು ಬರೇ ಚಿತ್ರದಾಗ ಒಂದು ಸಣ್ಣ ಕಥಿ. ಎಲ್ಲಾ ತಯಾರಾದ ಮ್ಯಾಲೆ ಯಾದಗಿರಿಯಾಗ ಪ್ರದರ್ಶನ, ಹೊರಗಿನಿಂದ ಪರೀಕ್ಷಕರು ಬರ್ತಾರ. ಅಲ್ಲಿ ಫೇಲಾದ್ರ ವರ್ಷಾನೇ ಹೋತು. ಇನ್ನೊಂದು ವರ್ಷ ನನ್ನ ಓದಸಾಕ ದೊಡ್ಡವ್ವನ ಮೈಯಾಗ ಶಕ್ತಿ ಉಳಿದಿರಲಿಲ್ಲ.

ದೊಡ್ಡವ್ವ ಅಂದ್ರ ನಮ್ಮವ್ವನ ಅಕ್ಕ. ಅವ್ವ ನಾ ಸಣ್ಣಾಕಿ ಇದ್ದಾಗ ಸತ್ಲು, ಅಪ್ಪ ಬ್ಯಾರೆ ಸಂಸಾರ ಕಟ್ಟಿಕೊಂಡು ಗುರುಮಠಕಲ್ ಕಡಿ ಹೋದ. ದೊಡ್ಡವ್ವಗ ಗಂಡ ಇಲ್ಲ, ಮಕ್ಕಳೂ ಆಗಲಿಲ್ಲ. ಸುರಪುರದ ರಂಗಂಪೇಟೆ ಓಣ್ಯಾಗಿನ ಆಕಿ ಮನ್ಯಾಗ ಇರೋರು ನಾವಿಬ್ಬರೇ. ಬಿತ್ತಿಗಿ ಆದ ಮ್ಯಾಲೆ ಕಳೆ ತೆಗಿಯೋದು, ಆಮ್ಯಾಲೆ ಹತ್ತಿ ಬಿಡಸೋದು, ಅದು ಮುಗದ ಮ್ಯಾಲೆ ಕಾಲುವಿ ಕಡಿ ಭತ್ತದ ಗದ್ದಿ. ವರ್ಷ ಪೂರಾ ಆಕಿ ಕೂಲಿ ಹೋಗ್ತಿದ್ಲು, ನಾ ಬಸ್ ಹತ್ತಿ ಶಹಾಪುರಕ್ಕ ಬಣ್ಣಾ ಬಳಿಯಾಕ ಹೋಗ್ತಿದ್ದೆ.

ಎರಡನೇ ಸರ್ತಿ ನಾ ನಮ್ಮ ಸುರಪುರ ರಾಜರ ಕಾಲದ, ಮೀಸಿ ತಿರುವಿದ ಬ್ಯಾಡರ ಸಿಪಾಯಿನ್ನ ತಗೊಂಡು ಹೋದೆ. ಕೈಯಾಗ ಬಂದೂಕ, ತಲಿಮ್ಯಾಲೆ ರುಮಾಲ, ಹಿಂದ ಗುಡ್ಡ. ಸರ್ ನಗಲಿಲ್ಲ ಸುದ್ದ.

"ಸುರಪುರದಿಂದ ಬರೋರೆಲ್ಲಾ ಈ ಮೀಸಿನೇ ತರ್ತೀರಿ. ಇವ ಮುಂಜಾನಿ ಎದ್ದು ಏನ್ ತಿಂತಾನ ಹೇಳು ನೋಡೋಣು?"

"ಸಿಪಾಯಿ ರೀ ಸರ್…"

"ಗೊತ್ತಿಲ್ಲ ಅನ್ನು. ಗೊತ್ತಿರೋ ಮನಿಷ್ಯಾನ್ನ ತಗದು ತಾ. ಇಲ್ಲಾಂದ್ರ ಬರಬ್ಯಾಡ."

"ನೀವು ಏನು ತಂದ್ರೂ ಹಿಂಗೇ ಅಂತೀರಿ ಬಿಡ್ರಿ," ಅಂದುಬಿಟ್ಟೆ ನಾ.

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ," ಅಂದು ಸರ್ ಮುಂದಿನ ಹುಡುಗನ ಹಾಳಿ ತಗೊಂಡ್ರು. ಇಡೀ ಕ್ಲಾಸು ನಕ್ಕಿತು. ಎಲ್ಲಾರಿಗಿಂತ ಜೋರ್ ನಕ್ಕಾಂವ ನನ್ನ ಹಿಂದಿನ ಬೆಂಚಿನಾಂವ. ಅವರಪ್ಪಂದು ಶಹಾಪುರದಾಗ ರೈತರ ಹತ್ತಿ ತಗೊಂಡು ಮಾರೋ ಅಡತಿ ಅಂಗಡಿ. ಅಂವಗೂ ನನಗೂ ಮೊದಲಿಂದ ಸರಿಬರಂಗಿಲ್ಲ.

ಅದರ ಮುಂದಿನ ಐತವಾರ ದೊಡ್ಡವ್ವ ಬುತ್ತಿ ಮರೆತು ಹೊಲಕ್ಕ ಹೋಗಿದ್ಲು, ನಾ ಒಯ್ದೆ. ಹೊಲದ ಒಡ್ಡಿನ ಮ್ಯಾಲೆ ನಿಂತು ನೋಡಿದ್ರ ಬಿಸಿಲು ಆ ಕಡೀಗಿತ್ತು, ಹೆಣ್ಮಕ್ಕಳೆಲ್ಲಾ ಬರೇ ಕರ್ರಗ ಕಾಣಾಕತ್ತಿದ್ರು. ಸೀರಿ ಮ್ಯಾಲೆ ಗಂಡಸರ ತುಂಬುತೋಳಿನ ಅಂಗಿ, ತಲಿಗೆ ಟಾವೆಲ್, ನಡಕ್ಕ ಕಟ್ಟಿದ ಉಡಿ. ಬಿಡಿಸಿದ ಹತ್ತಿ ಹಾಕ್ಕೊಳ್ಳಾಕ ಹಳೀ ಸೀರಿ ತುಂಡು ಮುಂದ ಚೀಲದಂಗ ಕಟ್ಟಿಕೊಳ್ತಾರಲ್ಲ, ಅದು. ಅಷ್ಟು ಮಂದ್ಯಾಗ ದೊಡ್ಡವ್ವನ್ನ ನಾ ಗಕ್ಕನ ಗುರುತು ಹಿಡಿದೆ. ಎಡಗಡಿ ಜರಾ ವಾಲಿ ನಿಲ್ತಾಳ, ಗದ್ದ ಮ್ಯಾಲಕ್ಕೆತ್ತಿ ನಡೀತಾಳ. ಎಪ್ಪಾ, ಇಷ್ಟು ದಿನ ಇಕಿನ್ನ ಬಿಟ್ಟು ನಾ ಎಲ್ಲೆಲ್ಲಿ ಹುಡುಕಾಕತ್ತಿದ್ದೆ ಅನಿಸ್ತು. ಅಲ್ಲೇ ಬದುವಿಗೆ ಕುಂತು ತಗಿಯಾಕ ಚಾಲೂ ಮಾಡಿದೆ. ಆಕಿಗೆ ಹೇಳಲಿಲ್ಲ. ಹೇಳಿದ್ರ ಸೆರಗು ಸರಿಮಾಡಿಕೊಂಡು ಫೋಟೊಕ್ಕ ನಿಂತಂಗ ನಿಂತುಬಿಡ್ತಿದ್ಲು.

ಆ ವಾರ ಪೂರಾ ಖುಷೀಲೆ ಕೆಲಸ ಮಾಡಿದೆ. ಮುಖ ಮೊದಲ ಬಂತು: ಚೌಕ ದವಡಿ, ಒಳಗ ಹೋದ ಕಪಾಳ, ಗದ್ದದ ಮ್ಯಾಲಿನ ಹಚ್ಚಿ ಚುಕ್ಕಿ. ಆಮ್ಯಾಲೆ ಮೈ. ಮೈಗೆ ಒಂದು ಆಕಾರ ಗಟ್ಟಿ ಇರಬೇಕು ಅಂತ ಸರ್ ಕಲಿಸಿದ್ರು, ನಾ ಉಡೀನ್ನೇ ಆಕಾರ ಮಾಡಿದೆ. ತುಂಬಿ ಉಬ್ಬಿದ ದೊಡ್ಡ ಗುಂಡು, ಅದರ ಮ್ಯಾಲೆ ಸಣ್ಣ ತಲಿ. ಅಷ್ಟು ದೊಡ್ಡ ಉಡಿ ಹೊತ್ತಾಕಿ ಹಿಂದಕ್ಕ ವಾಲಿರಬೇಕಲ್ಲ ಅಂತ ನಡ ಹಿಂದಕ್ಕ ಬಗ್ಗಿಸಿದೆ. ಒಂದು ಕೈ ಉಡಿ ತಳಕ್ಕ ಆಸರಿ ಕೊಟ್ಟೆ. ಚೊಲೋ ಕಾಣ್ತು ನನಗ.

ಸರ್ ಕ್ಲಾಸಿನ್ಯಾಗ ಒಂದು ಪರೀಕ್ಷೆ ಇಡ್ತಿದ್ರು. ಎಲ್ಲಾರ ಪಾತ್ರಕ್ಕೂ ಕಣ್ಣು-ಮೂಗು ಏನೂ ಬಿಡಲಾರದಂಗ ಪೂರಾ ಕರೀ ಬಣ್ಣಾ ತುಂಬಿಸಿ ಗ್ವಾಡಿಗೆ ಹಚ್ಚೋದು. ಬರೇ ಹೊರಗಿನ ಗೆರಿ ನೋಡಿ ಇದು ಯಾರು, ಏನ್ ಮಾಡಾಕತ್ತಾರ ಅಂತ ಉಳಿದೋರು ಹೇಳಬೇಕು. ಹೇಳಾಕ ಬಂದ್ರ ಪಾತ್ರಾ ಗೆದ್ದಂಗ.

ನಂದು ಹಚ್ಚಿದ್ರು. ಸರ್ ಕೇಳಿದ್ರು, "ಯಾರಿಕಿ?"

"ಬಸುರಿ ರೀ ಸರ್," ಅಂದಾಂವ ಅಡತಿ ಅಂಗಡಿಯಾಂವನೇ. "ದಿನಾ ತುಂಬ್ಯಾವ."

ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ರು. ನಾ ಎದ್ದು ನಿಂತೆ.

"ಹತ್ತಿ ಉಡಿ ಅದು. ನಿಮ್ಮಪ್ಪನ ಅಂಗಡ್ಯಾಗ ಹತ್ತಿ ಗಂಟಿನ ಮ್ಯಾಲೆ ಕುಂತು ಬೆಳದಾಂವ ನೀ. ಹತ್ತಿ ಅಂಗಡಿಗೆ ತಾನೇ ನಡಕೊಂಡು ಬರ್ತೈತಿ ಅಂತ ತಿಳಕೊಂಡೀಯೇನು?"

"ನಾ ಏನ್ ಮಾಡ್ಲಿ? ನನಗ ಹೊಟ್ಟಿ ಕಂಡ್ತು."

ಸರ್ ಇಬ್ಬರನ್ನೂ ಸುಮ್ಮ ಕೂಡಿಸಿದ್ರು. ಬಣ್ಣದ ಹಾಳಿ ತಿರುವಿ ಹಾಕಿ ನೋಡಿ, "ಮುಖ ಬರೋಬ್ಬರಿ ಬಂದೈತಿ, ಮೊದಲನೇ ಸರ್ತಿ. ಕುತಿಗಿ ಕೆಳಗ ಎಲ್ಲಾ ಸುಳ್ಳು. ಮೈ ಸರಿಮಾಡು, ಮುಖಕ್ಕ ಕೈ ಹಚ್ಚಬ್ಯಾಡ," ಅಂದ್ರು. ಬೈಗುಳನೋ ಹೊಗಳಿಕಿನೋ ತಿಳೀಲಿಲ್ಲ. ನಾ ಹಾಳಿ ಗ್ವಾಡೀಗೇ ಬಿಟ್ಟು ನೀರು ಕುಡಿಯಾಕ ಹೋದೆ. ಅಷ್ಟರಾಗ ಅಡತಿ ಅಂಗಡಿಯಾಂವ ಕರೀದೂ ಬಣ್ಣದ್ದೂ ಎರಡೂ ಫೋಟೊ ಹೊಡಕೊಂಡು, "ನಮ್ಮ ಕ್ಲಾಸಿನ ಬಸುರಿ" ಅಂತ ಬರದು ಸ್ಟೇಟಸ್‌ಗೆ ಹಾಕಿದ್ದ.

ಫೋಟೊಕ್ಕ ಬಸ್ಸಿನ ಫಿಕರ್ ಇಲ್ಲ. ನಾ ಊರು ಮುಟ್ಟೋದ್ರಾಗ ಅದು ಮೊಬೈಲಿಂದ ಮೊಬೈಲಿಗೆ ಹಾರಿ ನಮ್ಮ ಓಣಿ ಮುಟ್ಟಿತ್ತು. ಓಣ್ಯಾಗ ಅವತ್ತು ಎದುರಿನ ಮನಿ ಸೊಸಿಗೆ ಕುಬಸ ಇತ್ತು. ಬಸುರಿ ಹೆಣ್ಮಗಳಿಗೆ ಹಸಿರು ಸೀರಿ ಉಡಿಸಿ, ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬೋ ಕಾರ್ಯ. ಗಂಡ ಇಲ್ಲದಾಕಿಗೆ ಯಾರೂ ಉಡಿ ತುಂಬಂಗಿಲ್ಲ, ಅಂಥಾಕಿ ಮುಂದ ಬಂದು ಕುಂದ್ರಂಗೂ ಇಲ್ಲ. ದೊಡ್ಡವ್ವ ಯಾವಾಗಲೂ ಹಿತ್ತಲದಾಗ ಭಾಂಡಿ ತೊಳ್ಕೋತ ಇದ್ದು ಊಟಾ ಮಾಡಿ ಬರ್ತಿದ್ಲು. ನನಗಂತೂ ಇದೆಲ್ಲಾ ಮೈ ಉರೀತೈತಿ. ಬುದ್ಧನ ಫೋಟೊ ಇಟ್ಟುಕೊಂಡ ಮನಿ ನಮ್ಮದು, ನೀ ಯಾಕ ಹೋಗ್ತಿ ಅಂತ ಎಷ್ಟು ಸರ್ತಿ ಜಗಳಾಡೀನಿ. "ಓಣ್ಯಾಗ ಇರಬೇಕವ್ವ," ಅಂತಿದ್ಲು.

ಅವತ್ತು ಉಡಿ ತುಂಬೋ ಟೈಮಿನ್ಯಾಗ ಒಬ್ಬಾಕಿ ಮೊಬೈಲ್ ಹಿಡ್ಕೊಂಡು ಹಿತ್ತಲಕ್ಕ ಬಂದು, ಎಲ್ಲಾರೂ ಕೇಳೋಹಂಗ ಅಂದ್ಲಂತ: "ಇಕಿಗೂ ಒಂದು ಉಡಿ ತುಂಬ್ರಿ ಯವ್ವಾ. ಈ ವಯಸ್ಸಿನ್ಯಾಗ ಬಸುರಾಗ್ಯಾಳ ನೋಡ್ರಿ." ಆಡಿಕೊಳ್ಳೋರ ಮುಂದ ಎಡವಿ ಬಿದ್ದಂಗ ಆಗಿತ್ತು ದೊಡ್ಡವ್ವಂದು. ಬೀಳಿಸಿದಾಕಿ ನಾ.

ನಾ ಮನಿಗೆ ಬಂದಾಗ ಆಕಿ ಹೊಸ್ತಲದಾಗ ಕುಂತಿದ್ಲು. ಅಳಾಕತ್ತಿರಲಿಲ್ಲ.

"ಆ ಚಿತ್ರದಾಗ ಇರಾಕಿ ನಾನೇನು?"

"ಹೌದು."

"ನನ್ನ ಕೇಳಿ ತಗದಿಯೇನು?"

"ಹತ್ತಿ ಉಡಿ ದೊಡ್ಡವ್ವ ಅದು. ಅವ್ರಿಗೆ ಕಣ್ಣಿಲ್ಲ, ನಾ ಏನ್ ಮಾಡ್ಲಿ?"

"ಮಂದಿಗೆ ಏನ್ ಕಂಡ್ತೋ ಅದನ್ನ ಅಂದಾರ. ಗಂಡ ಇದ್ದಾಗೂ ನನ್ನ ಉಡಿ ತುಂಬಲಿಲ್ಲ. ಈಗ ನೀ ತುಂಬೀದಿ, ಹಾಳಿಮ್ಯಾಲೆ. ನನ್ನ ಮುಖಾ ತೆಗಿ ಅದರಾಗಿಂದ."

"ಮುಖಾ ತೆಗಿಯಾಕ ಬರಂಗಿಲ್ಲ. ಸರ್ ಮೆಚ್ಚಿದ್ದು ಅದೊಂದನ್ನೇ. ತೆಗದ್ರ ನಾ ಫೇಲ್."

"ಆಗು," ಅಂದು ಒಳಗ ಹೋದ್ಲು.

ಅವತ್ತಿಂದ ಮಾತು ಬಂದ್. ನನಗ ರೊಟ್ಟಿ ಬಡದು ಇಡ್ತಿದ್ಲು, ಮುಖಾ ನೋಡ್ತಿರಲಿಲ್ಲ. ಹೊಲಕ್ಕ ಹೋಗೋ ಹೊತ್ತಿಗೆ ಮೊದಲು ನನ್ನ ಎಬ್ಬಿಸಿ ಹೋಗ್ತಿದ್ಲು, ಅದನ್ನೂ ಬಿಟ್ಲು. ನನಗೂ ಜಿದ್ದು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಸಿಟ್ಟೇನು ಅಂತ ನಾನೂ ಮಾತಾಡಲಿಲ್ಲ. ಕಾಲೇಜಿನ್ಯಾಗ ಅಡತಿ ಅಂಗಡಿಯಾಂವನ ಅಂಗಿ ಹಿಡದು ಸ್ಟೇಟಸ್ ಅಳಿಸಿಸಿದೆ. "ಮಜಾಕ್ ಮಾಡೀನಿ, ಇಷ್ಟ್ಯಾಕ ಹಾರಾಡ್ತಿ?" ಅಂದ. ಅಳಿಸಿದ್ರ ಓಣ್ಯಾಗಿನ ಮಂದಿ ತಲ್ಯಾಗಿಂದ ಹೋಗ್ತೈತೇನು? ಅಂವನ ಕಪಾಳಕ್ಕ ಒಂದು ಬಿಟ್ಟಿದ್ರ ಚೊಲೋ ಇತ್ತು ಅಂತ ಇವತ್ತಿಗೂ ಅನಸ್ತೈತಿ.

ಮೈ ಸರಿಮಾಡೋ ಕೆಲಸ ಹೈರಾಣ ಮಾಡಿತು. ಉಡಿ ಸಣ್ಣದು ಮಾಡಿದೆ, ಮೂರು ತಿಂಗಳ ಬಸುರಿ ಆದ್ಲು. ಬಾಜೂಕ ಸರಿಸಿದೆ, ಕೊಡ ಹೊತ್ತಾಕಿ ಆದ್ಲು. ಹಾಳಿ ಹರಿದು ಹರಿದು ಬ್ಯಾಸತ್ತು, ದೊಡ್ಡವ್ವ ಹೊಲಕ್ಕ ಹೋದಾಗ ಹಳೀ ಗಾದಿ ಬಿಚ್ಚಿ ಹತ್ತಿ ತಗದೆ. ಸೀರಿ ತುಂಡು ನಡಕ್ಕ ಕಟ್ಟಿ ಅದರಾಗ ತುರುಕಿದೆ. ಅಂಗಳದಾಗ ಬಿಸಿಲಿಗೆ ಬಾಜೂ ಮಾಡಿ ನಿಂತು ಗ್ವಾಡಿಮ್ಯಾಲಿನ ನನ್ನ ನೆರಳು ನೋಡಿದೆ. ನೆಟ್ಟಗ ನಿಂತ್ರ ನೆರಳೂ ಬಸುರೀನೇ. ಹಾಳಾಗಿ ಹೋಗ್ಲಿ ಅಂತ ಕೆಳಗ ಬಿದ್ದ ಹತ್ತಿ ಎತ್ತಾಕ ಬಗ್ಗಿದೆ, ಆಗ ನೆರಳು ಒಡೀತು. ಉಡಿ ಹೊಟ್ಟಿ ಬಿಟ್ಟು ಕೆಳಗ ಜೋತು ಬಿತ್ತು, ಹೊಟ್ಟಿಗೂ ಉಡಿಗೂ ನಡುವ ಬೆಳಕಿನ ಸಂದು ಕಾಣಸ್ತು.

ಅಷ್ಟೇ ಇತ್ತು ಗುಟ್ಟು. ಹತ್ತಿ ಎಷ್ಟಿದ್ರೂ ಹಗರ, ಅದಕ್ಕ ಯಾರೂ ಹಿಂದಕ್ಕ ವಾಲಂಗಿಲ್ಲ. ನಾ ಭಾರದ ಲೆಕ್ಕದಾಗ ತಗದು ಬಸುರಿ ಮಾಡಿದ್ದೆ. ಪಾತ್ರಾನ್ನ ಮುಂದಕ್ಕ ಬಗ್ಗಿಸಿದೆ. ಒಂದು ಕೈ ಗಿಡದಾಗ, ಇನ್ನೊಂದು ಉಡಿ ಬಾಯಾಗ. ಆ ಬೆಳಕಿನ ಸಂದು ಖಾಲಿ ಬಿಟ್ಟೆ, ಉಡಿ ಅಂಚಿಗೆ ಹತ್ತಿ ಎಳಿ ಹೊರಗ ಬಿಟ್ಟೆ. ಕರೀ ಬಣ್ಣಾ ತುಂಬಿ ದೂರ ನಿಂತು ನೋಡಿದೆ. ಈಗ ಯಾರ ಬಾಯಿಗೂ ಬಸುರಿ ಅನ್ನಾಕ ಬರಂಗಿಲ್ಲ.

ಅದನ್ನ ದೊಡ್ಡವ್ವನ ಮುಂದ ಹಿಡಿದೆ. "ನೋಡು, ಈಗ ಸರಿ ಆತು. ಈಗರ ಮುಖಾ ಇರ್ಲಿ?"

ನೋಡಿದ್ಲು. "ಮೈ ಸರಿ ಆದ್ರ ಮಂದಿ ಅಂದಿದ್ದು ತಿರಿಗಿ ಹೋಗ್ತೈತೇನು? ಯಾದಗಿರ್ಯಾಗ ಹಚ್ತೀರಂತ. ಅಲ್ಲಿ ನನ್ನ ಮುಖಾ ಕಂಡ್ರ ಬಂದು ಹರೀತೀನಿ."

ಸರ್ ಹಂತೇಕ ಹೋದೆ. ಮುಖಾ ಬದಲು ಮಾಡ್ತೀನಿ ಅಂದೆ. ಕಾರಣ ಕೇಳಿದ್ರು, ಹೇಳಿದೆ. ಸರ್, "ಮೊಬೈಲ್‌ನ್ಯಾಗಿನ ಮುಖಾ ತಂದು ಅಂಟಿಸಿದ್ರ ನಾನೇ ಫೇಲ್ ಮಾಡ್ತೀನಿ. ಗೊತ್ತಿರೋ ಮುಖಾ ಬೇಕು. ಟೈಮಿಲ್ಲ," ಅಂದ್ರು.

ಬಸ್ಸಿನ್ಯಾಗ ಕುಂತು ಯಾರ್ಯಾರ ಮುಖಾ ನೆನಸಿದೆ. ಓಣ್ಯಾಗಿನ ಯಾವ ಹೆಣ್ಮಗಳ ಮುಖಾ ಹಾಕಿದ್ರೂ ಮತ್ತ ಇದೇ ಕಥಿ. ಕೇಳಲಾರದ ಹಾಕಾಕ ಇನ್ನ ಮನಸ್ಸಿಲ್ಲ, ಕೇಳಿದ್ರ ಯಾರೂ ಹೂಂ ಅನ್ನಂಗಿಲ್ಲ. ಸುರಪುರ ಸ್ಟ್ಯಾಂಡಿನ್ಯಾಗ ಇಳಿಯೋಮುಂದ ಕಿಟಕಿ ಗಾಜಿನ್ಯಾಗ ನನ್ನ ಮುಖಾ ಕಂಡ್ತು, ಗಂಟು ಹಾಕ್ಕೊಂಡಿತ್ತು. ಹಾಕು ಇದನ್ನೇ ಅಂದುಕೊಂಡೆ. ಅನ್ನೋರು ನನ್ನ ಅನ್ಲಿ. ಮದಿವಿ ಆಗಲಾರದ ಹುಡುಗಿ ಉಡಿ ತುಂಬೇತಿ ಅಂತ ಅಂದ್ರ ಬಾಯಿಗೆ ಬಾಯಿ ಕೊಡಾಕ ನನಗ ಬರ್ತೈತಿ, ದೊಡ್ಡವ್ವಗ ಬರಂಗಿಲ್ಲ.

ಕಿಟಕಿ ಸಳಿಗೆ ಕನ್ನಡಿ ಕಟ್ಟಿಕೊಂಡು ಕುಂತೆ. ನನ್ನದು ಗುಂಡು ಮುಖ, ಮೋಟು ಮೂಗು, ಒಂದು ಹಲ್ಲು ಹೊರಗ. ದೊಡ್ಡವ್ವನ ಚೌಕ ದವಡಿಗೆ ಕಟ್ಟಿದ್ದ ಟಾವೆಲ್ ನನ್ನ ತಲಿಮ್ಯಾಲೆ ಸಡಿಲ ಆತು, ಮತ್ತ ಕಟ್ಟಿದೆ. ಕುತಿಗಿ ಸಣ್ಣದಾತು, ಅಂಗಿ ಕಾಲರ್ ಏರಿಸಿದೆ. ನಗೋ ಮುಖಾ ಬರಲಿಲ್ಲ, ನಗು ಎಲ್ಲಿಂದ ತರೋದು ಆ ಮನ್ಯಾಗ? ಸಿಟ್ಟಿನ ಮುಖಾ ಒಂದೇ ಏಟಿಗೆ ಬಂತು. ದೊಡ್ಡವ್ವ ಅತ್ತಿತ್ತ ಅಡ್ಡಾಡಿದ್ಲು, ಹಾಳಿ ಕಡಿ ಕಣ್ಣು ಸುದ್ದ ಹಾಕಲಿಲ್ಲ. ನಾನೂ ಹೇಳಲಿಲ್ಲ.

ಯಾದಗಿರಿ ಪ್ರದರ್ಶನದ ದಿನ ಪರೀಕ್ಷಕಿ ಮೇಡಂ ಕರೀ ಹಾಳಿ ಮುಂದ ನಿಂತ್ರು. ಅಡತಿ ಅಂಗಡಿಯಾಂವ ಬಾಜೂಕೇ ಇದ್ದ, ತನ್ನ ಕತ್ತಿ ಹಿಡಿದ ಹೀರೋನ್ನ ಹಚ್ಚಿಕೊಂಡು.

"ಹತ್ತಿ ಬಿಡಿಸೋ ಹೆಂಗಸು," ಅಂದ್ರು ಮೇಡಂ, ಯಾರನ್ನೂ ಕೇಳಲಾರದ. ಆಮ್ಯಾಲೆ ಬಣ್ಣದ್ದು ನೋಡಿ ನನ್ನ ಮುಖಾ ನೋಡಿದ್ರು. "ನೀನೇನಮ್ಮ ಇದು? ನೀ ಹತ್ತಿ ಬಿಡಸ್ತೀಯಾ?"

"ಇಲ್ರಿ ಮೇಡಂ. ದೊಡ್ಡವ್ವ ನನ್ನ ಹೊಲದ ಕೆಲಸಕ್ಕ ಕಳಸಂಗಿಲ್ರಿ."

"ಮತ್ತೆ ಈ ಮುಖ ಯಾಕೆ?"

ಬಾಯಿಗೆ ಬಾಯಿ ಕೊಡಾಕಿ ನಾ, ಹಾಳಿ ಮೂಲಿ ಗ್ವಾಡಿಗೆ ಒತ್ತಿ ಕೂಡಿಸಾಕತ್ತಿದೆ. ಮೇಡಂ ಇನ್ನೇನೂ ಕೇಳದ ಮುಂದ ಹೋದ್ರು. ಸಂಜಿಗೆ ಪಾಸಾಗೀನಿ ಅಂತ ತಿಳೀತು. ಸರ್ ಬಂದು, "ಕುತಿಗಿ ಕೆಳಗ ಈಗ ಖರೇ ಐತಿ," ಅಂದ್ರು. ಕುತಿಗಿ ಮ್ಯಾಲಿಂದು ಹೇಳಲಿಲ್ಲ.

ಮರುದಿನ ಮಂದಿ ನೋಡಾಕ ಬಿಟ್ಟಿದ್ರು. ಮಧ್ಯಾಹ್ನ ದೊಡ್ಡವ್ವ ಬಂದ್ಲು. ಸುರಪುರದಿಂದ ಒಬ್ಬಾಕೇ ಬಸ್ ಹತ್ತಿ ಬಂದಿದ್ಲು, ಚಪ್ಪಲಿ ಬಾಗಲದಾಗ ಬಿಟ್ಟು, ಸೆರಗು ನಡಕ್ಕ ಸಿಗಿಸಿಕೊಂಡು. ನನ್ನ ಮಾತಾಡಿಸಲಿಲ್ಲ. ಗ್ವಾಡಿಗುಂಟ ಒಂದೊಂದೇ ಹಾಳಿ ನೋಡ್ಕೋತ ಬಂದ್ಲು. ಹರಿಯಾಕೇ ಬಂದಾಳ ಅಂತ ನನಗ ಖಾತ್ರಿ ಇತ್ತು, ತಡಿಯಾಕ ಹೋಗಲಿಲ್ಲ.

ನನ್ನ ಹಾಳಿ ಮುಂದ ನಿಂತ್ಲು. ಕೈ ಎತ್ತಿದಾಕಿ ಅಲ್ಲೇ ನಿಂದ್ರಿಸಿದ್ಲು. ಹಾಳಿಗೆ ಮುಖಾ ಹಚ್ಚಿ ನೋಡಿದ್ಲು, ನನ್ನ ಕಡಿ ಹೊಳ್ಳಿದ್ಲು.

"ಇಕಿ ನೀನಾ?"

"ಹೂಂ. ನಿನ್ನ ಮುಖಾ ತಗದು ಹಾಕೀನಿ. ಈಗ ಯಾರೂ ನಿನ್ನ ಅನ್ನಂಗಿಲ್ಲ."

ಇಷ್ಟು ವರ್ಷದಾಗ ನನ್ನ ಮ್ಯಾಲೆ ಕೈ ಎತ್ತದಾಕಿ, ಅವತ್ತು ಹೊಡೀತಾಳ ಅನಿಸ್ತು.

"ಬುದ್ಧಿ ಐತೇನು ನಿನಗ? ನಾ ಯಾಕ ಕಟ್ಟೀನಿ ಆ ಉಡಿ ಇಷ್ಟು ವರ್ಷ? ನಿನ್ನ ನಡಕ್ಕ ಅದು ಬರಬಾರದು ಅಂತ ಕಟ್ಟೀನಿ. ಒಂದು ದಿನ ಹೊಲಕ್ಕ ಕರದೀನೇನು ನಿನ್ನ? ಒಂದು ದಿನ ಆ ಅಂಗಿ ಹಾಕ್ಕೊ ಅಂದೀನೇನು? ನೀ ನಿನ್ನ ಕೈಯ್ಯಾರೆ ಕಟ್ಟಿಕೊಂಡು ಊರ ಮಂದಿಗೆಲ್ಲಾ ತೋರಸಾಕತ್ತೀದಿ."

ಸುತ್ತ ಮಂದಿ ನಿಂತ್ರು. ಸರ್ ಬಂದ್ರು. ಆಕಿ ಯಾರನ್ನೂ ಲೆಕ್ಕಕ್ಕ ಹಿಡೀಲಿಲ್ಲ.

"ತೆಗಿ ಈ ಮುಖಾ. ನನ್ನ ಮುಖಾನೇ ಹಚ್ಚು."

"ಓಣ್ಯಾಗಿನ ಮಂದಿ ಮತ್ತ…"

"ಓಣ್ಯಾಗಿನ ಮಂದಿ ಅಂದ್ರ ಅನ್ಲಿ. ಬಸುರಿ ಅನ್ಲಿ, ಬಾಣಂತಿ ಅನ್ಲಿ, ನಾ ಅನಿಸ್ಕೋತೀನಿ. ಇದನ್ನ ನಾ ನೋಡಂಗಿಲ್ಲ."

ಮಾರ್ಕು ಬಿದ್ದ ಹಾಳಿ ಮುಟ್ಟಂಗಿಲ್ಲ ಅಂತ ಸರ್ ಅಂದ್ರು. ಹಂಗಾದ್ರ ಬ್ಯಾರೆ ಹಾಳಿಗೆ ತೆಗಿಯಾಕ ಹೇಳ್ರಿ ಆಕಿಗೆ, ಅಂದ್ಲು ದೊಡ್ಡವ್ವ, ಇದರ ಮ್ಯಾಲೆ ಹಚ್ಚಿಬಿಡ್ರಿ. ಸರ್ ನನ್ನ ನೋಡಿದ್ರು, ಒಂದು ಕುರ್ಚಿ ತಂದು ಗ್ವಾಡಿ ಮುಂದ ಇಟ್ಟು ಹೋದ್ರು.

ದೊಡ್ಡವ್ವ ಕುಂತ್ಲು. ಸೆರಗು ಸರಿಮಾಡಿಕೊಳ್ಳಲಿಲ್ಲ, ಗದ್ದ ಎತ್ತಿ ನನ್ನನ್ನೇ ದುರುಗುಟ್ಟಿ ನೋಡಾಕತ್ತಿದ್ಲು.

"ತೆಗೀಲೇನು?" ಅಂದೆ, ಹೊಸಾ ಹಾಳಿ ಮ್ಯಾಲೆ ಪೆನ್ಸಿಲ್ ಇಟ್ಟು.

"ತೆಗಿ," ಅಂದ್ಲು.